ಎಚ್ಚರಿಕೆಯ ಸದ್ದು: ಬಳ್ಳಾರಿ ಸೀಮೆಯ ಡಂಗುರ ಮತ್ತು ಕಾರ್ಖಾನೆಯ ಅಲಾರಂ

ಕನ್ನಡದ ‘ಎಚ್ಚರ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ನಿದ್ದೆಯಿಂದ ಏಳುವುದು ಒಂದು, ಅಪಾಯವನ್ನರಿತು ಜಾಗರೂಕತೆಯಿಂದಿರುವುದು ಇನ್ನೊಂದು. ಜನಪದರ ಬಳಕೆಯಲ್ಲಿ ಇವೆರಡೂ ಬೇರೆಯಾಗಿ ನಿಂತಿಲ್ಲ. ಊರ ಕಾವಲಿಗೆ ನಿಂತ ತಳವಾರನು ತಾನು ಎಚ್ಚರವಾಗಿದ್ದರೆ ಮಾತ್ರ ಊರನ್ನು ಎಚ್ಚರಿಸಬಲ್ಲನು. ಇಂದಿನ ಬೃಹತ್ ಕೈಗಾರಿಕೆಗಳಲ್ಲಿ ಅಲಾರಂಗಳನ್ನು ನಿರ್ವಹಿಸಿ, ಪಾಳಿಯ ಸಿಬ್ಬಂದಿಗೆ ನಡುರಾತ್ರಿಯಲ್ಲೂ ಸುದ್ದಿ ಮುಟ್ಟಿಸುವ ತಂತ್ರಾಂಶಗಳಿಗೆ ವಹಿಸಿರುವುದು ಇದೇ ಎರಡು ಕೆಲಸಗಳನ್ನು. ಯಂತ್ರದ ಸ್ಥಿತಿ ಕೆಟ್ಟಿದೆ ಎಂದು ತಿಳಿಯಬೇಕು, ತಿಳಿದದ್ದನ್ನು ಸರಿಪಡಿಸಬಲ್ಲ ವ್ಯಕ್ತಿಯನ್ನು ಎಬ್ಬಿಸಬೇಕು. ಎಂಜಿನಿಯರಿಂಗ್ ಶಾಸ್ತ್ರವು ಇದನ್ನು ಕಳೆದ ಮೂರು ದಶಕಗಳಲ್ಲಿ ವಿಸ್ತಾರವಾಗಿ ಚರ್ಚಿಸಿದೆ. ಜಾನಪದ ಅಧ್ಯಯನವಾದರೋ ಡಂಗುರ, ಕಹಳೆ, ನಗಾರಿಗಳನ್ನು ವಾದ್ಯಗಳೆಂದು ಪಟ್ಟಿಮಾಡಿದಷ್ಟು ಶ್ರದ್ಧೆಯಿಂದ ಅವುಗಳನ್ನು ಎಚ್ಚರಿಕೆಯ ವ್ಯವಸ್ಥೆಗಳೆಂದು ಪರಿಶೀಲಿಸಿದ್ದು ಕಡಿಮೆ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಪರಿಸರವು ಈ ಎರಡೂ ಲೋಕಗಳನ್ನು ಒಂದೇ ನೆಲದಲ್ಲಿ ಇರಿಸಿಕೊಂಡಿರುವುದರಿಂದ ಅವುಗಳನ್ನು ಒಟ್ಟಿಗೆ ನೋಡಲು ಇಲ್ಲಿ ಅನುಕೂಲವಿದೆ.

ಈ ಸೀಮೆಯಲ್ಲಿ ಸದ್ದಿನ ಇತಿಹಾಸ ಬಹಳ ಹಳೆಯದು. ಬಳ್ಳಾರಿ ನಗರದ ಸಮೀಪದ ಸಂಗನಕಲ್ಲು–ಕುಪ್ಪಗಲ್ಲು ಬೆಟ್ಟಗಳು ನವಶಿಲಾಯುಗದ ನೆಲೆಗಳೆಂದು ಪ್ರಸಿದ್ಧವಾಗಿವೆ. ಕುಪ್ಪಗಲ್ಲಿನ ಬೆಟ್ಟದ ಕಪ್ಪು ಡಾಲರೈಟ್ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ದನಗಳ ಚಿತ್ರಗಳಿವೆ. ಅವುಗಳ ನಡುವೆ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ. ಬಡಿದು ಬಡಿದು ಸವೆದ ಗುಳಿಗಳೂ ಕಾಣುತ್ತವೆ. 1892ರಲ್ಲಿ ಫಾಸೆಟ್ ಇವುಗಳನ್ನು ದಾಖಲಿಸಿದನು. ಶತಮಾನ ಕಳೆದ ಮೇಲೆ ನಿಕೋಲ್ ಬೊಯ್ವಿನ್ ಅವರು ಮತ್ತೆ ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಲೇಖನವು ಈ ನಾದಶಿಲೆಗಳನ್ನು ಜಗತ್ತಿನ ವಿದ್ವಾಂಸರ ಗಮನಕ್ಕೆ ತಂದಿತು. ಅವು ಆಚರಣೆಗೆ ಸಂಬಂಧಿಸಿದವು ಎಂಬುದು ವಿದ್ವಾಂಸರ ಒಲವು. ಎಚ್ಚರಿಕೆಗೆ ಬಳಕೆಯಾದವು ಎನ್ನಲು ಆಧಾರವಿಲ್ಲ. ಆದರೆ ಎತ್ತರದ ಜಾಗದಿಂದ ದೂರಕ್ಕೆ ಸದ್ದು ಕಳಿಸುವ ಅಭ್ಯಾಸ ಈ ಬಯಲುಸೀಮೆಗೆ ಎಷ್ಟು ಪುರಾತನವಾದುದೆಂಬುದನ್ನು ಅವು ಸೂಚಿಸುತ್ತವೆ.

ಆಯಗಾರರ ಪಾಳಿ

ಹಳೆಯ ಗ್ರಾಮವ್ಯವಸ್ಥೆಯಲ್ಲಿ ಎಚ್ಚರಿಕೆಯು ಯಾರದೋ ಒಬ್ಬರ ಹೊಣೆಯಾಗಿರುತ್ತಿತ್ತು. ಆಯಗಾರರ ಪೈಕಿ ತಳವಾರನು ಕಾವಲಿಗೆ, ತೋಟಿಯು ಗಡಿ–ಬೆಳೆಗಳ ನಿಗಾಕ್ಕೆ, ನೀರಗಂಟಿಯು ಕೆರೆ–ಕಾಲುವೆಗಳ ತೂಬಿಗೆ ಬಾಧ್ಯರಾಗಿದ್ದರು. ವಿಜಯನಗರ ಕಾಲದ ಕಾಲುವೆಗಳ ಸಾಲಿಗೆ ಸೇರಿದ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳಂತಹ ನೀರಾವರಿಯ ಊರುಗಳಲ್ಲಿ ನೀರಗಂಟಿಯ ಕೆಲಸ ಹಗಲಿಗೆ ಮುಗಿಯುವಂಥದ್ದಲ್ಲ. ರಾತ್ರಿ ಮಳೆ ಬಿದ್ದರೆ ಅವನು ಎದ್ದು ತೂಬಿನ ಬಳಿ ಹೋಗಬೇಕು. ಏರಿ ಬಿರಿದ ಸುಳಿವು ಸಿಕ್ಕರೆ ಊರನ್ನು ಕರೆಯಬೇಕು. ಈ ದುಡಿಮೆಗೆ ಪ್ರತಿಯಾಗಿ ಕಣದಲ್ಲಿ ರಾಶಿಯಾದಾಗ ಅವನಿಗೆ ಆಯ ಸಲ್ಲುತ್ತಿತ್ತು. ಇಂದಿನ ಕಾರ್ಖಾನೆಯ ಭಾಷೆಯಲ್ಲಿ ಹೇಳುವುದಾದರೆ ಅವನು ವರ್ಷದ ಎಲ್ಲ ದಿನವೂ ‘ಆನ್ ಕಾಲ್’ ಇದ್ದವನು. ಬದಲಿ ಪಾಳಿಯವನು ಅವನ ಮನೆಯೊಳಗಿನ ಅಣ್ಣತಮ್ಮನೋ ಮಗನೋ ಆಗಿರುತ್ತಿದ್ದನು.

ಡಂಗುರದ ವಿಷಯದಲ್ಲಿ ಮೂರು ಅಂಶಗಳು ಗಮನಾರ್ಹವಾಗಿವೆ. ಮೊದಲಿಗೆ ಬಡಿತ, ಆಮೇಲೆ ಮಾತು ಎಂಬ ಕ್ರಮ. ಬಡಿತವು ಕಿವಿಯನ್ನು ತನ್ನತ್ತ ಸೆಳೆಯುತ್ತದೆ. ಮಾತು ಏನು, ಎಲ್ಲಿ, ಯಾವಾಗ ಎಂಬುದನ್ನು ತಿಳಿಸುತ್ತದೆ. ಎರಡನೆಯದು, ಹಲಗೆಯ ಬಡಿತಗಳಲ್ಲಿಯೇ ಭೇದಗಳಿವೆ. ಸಾವಿನ ಬಡಿತ, ಜಾತ್ರೆಯ ಬಡಿತ, ಮೊಹರಂ ಅಲಾಯಿಯ ಬಡಿತ, ಸಾರುವ ಬಡಿತ ಇವು ಒಂದರಂತೆ ಇನ್ನೊಂದಿಲ್ಲ. ಹೊಲದಲ್ಲಿದ್ದವನು ಮಾತು ಕೇಳಿಸದಿದ್ದರೂ ಬಡಿತದಿಂದಲೇ ಊರಲ್ಲಿ ಏನಾಗಿದೆಯೆಂದು ಊಹಿಸಬಲ್ಲನು. ಮೂರನೆಯದು ಅಷ್ಟು ಹಿತವಾದುದಲ್ಲ. ಡಂಗುರ ಸಾರುವ ಕೆಲಸ ಕಸುಬಿಗಿಂತ ಹೆಚ್ಚಾಗಿ ಜಾತಿಯ ಮೇಲೆ ಹೇರಿದ ಬಿಟ್ಟಿ ಚಾಕರಿಯಾಗಿತ್ತು. ಊರಿಗೆಲ್ಲ ಸುದ್ದಿ ಮುಟ್ಟಿಸುವವನಿಗೆ ಊರೊಳಗೆ ಮನೆಯಿರಲಿಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯದ ಹುದ್ದೆಗಳು ಕೊನೆಗೊಂಡವು. 1970ರ ದಶಕದಿಂದ ಬೆಳೆದ ದಲಿತ ಚಳವಳಿಯು ಹಲಗೆ ಬಡಿಯುವ ಕಡ್ಡಾಯವನ್ನು ಪ್ರಶ್ನಿಸಿತು. ಡಂಗುರದ ಸೊಗಸನ್ನು ಮಾತ್ರ ನೆನೆದು ಹಳಹಳಿಸುವ ಬರೆಹಗಳು ಈ ಅಂಶವನ್ನು ಬದಿಗಿರಿಸುವುದು ಸರಿಯಲ್ಲ. ಎಚ್ಚರವಾಗಿರುವ ಭಾರವನ್ನು ಯಾರ ಮೇಲೆ ಹಾಕಲಾಗಿದೆ ಎಂಬ ಪ್ರಶ್ನೆ ಕಾರ್ಖಾನೆಯ ಕಾಲಕ್ಕೂ ಸಲ್ಲುತ್ತದೆ.

2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹೂವಿನಹಡಗಲಿ ತಾಲೂಕಿನ ಮೈಲಾರದ ಕಾರಣಿಕವನ್ನು ಇಲ್ಲಿ ನೆನೆಯಬೇಕು. ಬಿಲ್ಲನ್ನೇರಿದ ಗೊರವಯ್ಯನು ಮೊದಲು ‘ಸದ್ದಲೇ’ ಎಂದು ಕೂಗುತ್ತಾನೆ. ಲಕ್ಷಾಂತರ ಜನ ಆ ಕ್ಷಣಕ್ಕೆ ಮೌನವಾಗುತ್ತಾರೆ. ಆ ಮೌನದೊಳಗೆ ಒಂದೇ ಒಂದು ನುಡಿ ಬೀಳುತ್ತದೆ. ಅದನ್ನು ಹಿಡಿದು ವರ್ಷದ ಮಳೆಬೆಳೆಯ ಚರ್ಚೆ ಊರೂರಿಗೆ ಹಬ್ಬುತ್ತದೆ. ಮುನ್ಸೂಚನೆಯ ಬಲವು ಅದನ್ನು ಸುತ್ತಿದ ನಿಶ್ಶಬ್ದದಲ್ಲಿದೆ ಎಂಬ ಅರಿವು ಈ ಆಚರಣೆಯ ರಚನೆಯಲ್ಲೇ ಅಡಗಿದೆ. ಅಲಾರಂ ಶಾಸ್ತ್ರವು ಇದೇ ಮಾತನ್ನು ದೊಡ್ಡ ಬೆಲೆ ತೆತ್ತು ಕಲಿಯಿತು.

ಕಂಟ್ರೋಲ್ ರೂಮಿನ ಗದ್ದಲ

ಬಳ್ಳಾರಿ ಸೀಮೆಯ ಆಧುನಿಕ ಕೈಗಾರಿಕಾ ಭೂಪಟ ಎಲ್ಲರಿಗೂ ಪರಿಚಿತವಾದುದು. ತೋರಣಗಲ್ಲಿನ ಜಿಂದಾಲ್ ಉಕ್ಕು ಕಾರ್ಖಾನೆಯ ಕಂಪನಿ 1994ರಲ್ಲಿ ಸ್ಥಾಪನೆಯಾಯಿತು. ಬಳ್ಳಾರಿ–ಹೊಸಪೇಟೆ ಹೆದ್ದಾರಿಯ ಕುಡಿತಿನಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ತಲಾ 500 ಮೆಗಾವಾಟ್‌ನ ಎರಡು ಘಟಕಗಳೂ 700 ಮೆಗಾವಾಟ್‌ನ ಒಂದು ಘಟಕವೂ ಸೇರಿ ಅದರ ಸ್ಥಾಪಿತ ಸಾಮರ್ಥ್ಯ 1700 ಮೆಗಾವಾಟ್. ಸಿರುಗುಪ್ಪದ ಕಡೆ ಅಕ್ಕಿ ಗಿರಣಿಗಳಿವೆ. ಕುರುಗೋಡಿನ ದೊಡ್ಡಬಸವೇಶ್ವರನ ಸನ್ನಿಧಿಗೆ ನಡೆದುಕೊಳ್ಳುವ ಎಷ್ಟೋ ಮನೆತನಗಳಲ್ಲಿ ಒಬ್ಬರಾದರೂ ಕಾರ್ಖಾನೆಯ ಪಾಳಿಯನ್ನು ನೋಡಿದವರು. ‘ಸೈರನ್ ಆಯ್ತು’, ‘ಸಿ ಶಿಫ್ಟು’, ‘ಬ್ರೇಕ್‌ಡೌನು’ ಎಂಬ ಮಾತುಗಳು ಈ ಭಾಗದ ಮನೆಮಾತಾಗಿವೆ.

ಹಳೆಯ ಕಾರ್ಖಾನೆಯಲ್ಲಿ ಅಲಾರಂ ಎಂದರೆ ಗೋಡೆಯ ಮೇಲಿನ ಫಲಕದಲ್ಲಿ ಸಾಲಾಗಿ ಜೋಡಿಸಿದ ದೀಪದ ಚೌಕಗಳು. ಬಾಯ್ಲರ್‌ನ ನೀರಿನ ಮಟ್ಟ ಇಳಿದರೆ ಆ ಚೌಕ ಮಿನುಗಿ ಹೂಟರ್ ಕೂಗುತ್ತಿತ್ತು. ಆಪರೇಟರನು ಗುಂಡಿ ಒತ್ತಿದರೆ ಕೂಗು ನಿಂತು ದೀಪ ಸ್ಥಿರವಾಗುತ್ತಿತ್ತು; ಸ್ಥಿತಿ ಸರಿಯಾದ ಮೇಲೆ ಆರುತ್ತಿತ್ತು. ಒಂದೊಂದು ಚೌಕಕ್ಕೂ ತಂತಿ ಎಳೆಯಬೇಕು, ಜಾಗ ಕೊಡಬೇಕು, ಹಣ ತೆರಬೇಕು. ಆದಕಾರಣ ಯಾವುದಕ್ಕೆ ಅಲಾರಂ ಬೇಕು ಎಂಬುದನ್ನು ಎಂಜಿನಿಯರುಗಳು ಯೋಚಿಸಿ ತೀರ್ಮಾನಿಸುತ್ತಿದ್ದರು. ಗಣಕಾಧಾರಿತ ನಿಯಂತ್ರಣ ವ್ಯವಸ್ಥೆ ಬಂದ ಮೇಲೆ ಈ ತಡೆ ಕಳಚಿತು. ತೆರೆಯ ಮೇಲೆ ಒಂದು ಅಂಕಿ ಬರೆದರೆ ಹೊಸ ಅಲಾರಂ ಹುಟ್ಟುತ್ತದೆ, ಖರ್ಚಿಲ್ಲ. ಪ್ರತಿಯೊಂದು ಅಳತೆಗೂ ‘ಹೆಚ್ಚು’, ‘ಅತಿ ಹೆಚ್ಚು’, ‘ಕಡಿಮೆ’, ‘ಅತಿ ಕಡಿಮೆ’ ಎಂದು ನಾಲ್ಕು ಅಲಾರಂ ಇಡುವ ರೂಢಿ ಬೆಳೆಯಿತು. ಹೀಗೆ ನೂರರ ಲೆಕ್ಕದಲ್ಲಿದ್ದವು ಸಾವಿರಗಳಾದವು.

ಇದರ ಪರಿಣಾಮವನ್ನು ಜಗತ್ತು ಕಂಡದ್ದು ಅಪಘಾತಗಳ ಮೂಲಕ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಮೊದಲ ಕೆಲವು ನಿಮಿಷಗಳಲ್ಲೇ ನೂರಕ್ಕೂ ಮಿಕ್ಕಿ ಅಲಾರಂಗಳು ಒಟ್ಟಿಗೆ ಕೂಗಿದವು. ಯಾವುದು ಮುಖ್ಯವೆಂದು ತಿಳಿಯುವ ದಾರಿಯಿರಲಿಲ್ಲ. 1994ರ ಜುಲೈ 24ರಂದು ವೇಲ್ಸ್‌ನ ಮಿಲ್ಫರ್ಡ್ ಹೇವನ್ ತೈಲ ಶುದ್ಧೀಕರಣ ಕೇಂದ್ರದಲ್ಲಿ ಸ್ಫೋಟಕ್ಕೆ ಮುಂಚಿನ 11 ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಂಗಳು ಬಂದವು. ಎರಡು ಸೆಕೆಂಡು ಮೂರು ಸೆಕೆಂಡಿಗೆ ಒಂದರಂತೆ ಬರುವ ಎಚ್ಚರಿಕೆಯನ್ನು ಯಾರೂ ಓದಲಾರರು. ಅವರು ಮಾಡಬಹುದಾದದ್ದು ಗುಂಡಿ ಒತ್ತಿ ಬಾಯಿ ಮುಚ್ಚಿಸುವುದನ್ನಷ್ಟೆ. ಇದನ್ನು ತಜ್ಞರು ‘ಅಲಾರಂ ಪ್ರವಾಹ’ ಎಂದು ಕರೆದರು. ಹೊಳೆ ದಂಡೆಯ ಸಿರುಗುಪ್ಪದವರಿಗೆ ಈ ಹೆಸರಿನ ಔಚಿತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರವಾಹದಲ್ಲಿ ನೀರಿಗೆ ಬರವಿಲ್ಲ, ಕುಡಿಯುವ ನೀರಿಗೆ ಬರ.

ಈ ಅನುಭವದಿಂದ ನಿಯಮಗಳು ರೂಪುಗೊಂಡವು. ಬ್ರಿಟನ್ನಿನ ಇಇಎಂಯುಎ ಸಂಸ್ಥೆಯ 191ನೆಯ ಮಾರ್ಗದರ್ಶಿ 1999ರಲ್ಲಿ, ಅಮೆರಿಕದ ಐಎಸ್‌ಎ 18.2 ಮಾನಕ 2009ರಲ್ಲಿ, ಅಂತಾರಾಷ್ಟ್ರೀಯ ಐಇಸಿ 62682 ಮಾನಕ 2014ರಲ್ಲಿ ಬಂದವು. ಅವುಗಳ ತಿರುಳು ಸರಳವಾಗಿದೆ. ಮನುಷ್ಯನು ಏನನ್ನಾದರೂ ಮಾಡಬೇಕಾದ ಸಂದರ್ಭಕ್ಕೆ ಮಾತ್ರ ಅಲಾರಂ ಇರಬೇಕು. ಮಾಡಲು ಏನೂ ಇಲ್ಲದಿದ್ದರೆ ಅದು ಸುದ್ದಿಯೇ ಹೊರತು ಅಲಾರಂ ಅಲ್ಲ. ಒಬ್ಬ ಆಪರೇಟರನಿಗೆ ಸರಾಸರಿ 10 ನಿಮಿಷಕ್ಕೆ ಒಂದು ಅಲಾರಂ ತಕ್ಕದ್ದು. 10 ನಿಮಿಷದಲ್ಲಿ 10ನ್ನು ಮೀರಿದರೆ ಪ್ರವಾಹ. ನೂರರಲ್ಲಿ 80 ಕೆಳದರ್ಜೆಯವು, 15 ನಡುದರ್ಜೆಯವು, ಐದು ಮಾತ್ರ ಮೇಲುದರ್ಜೆಯವು ಆಗಿರಬೇಕು. ಎಲ್ಲವೂ ತುರ್ತು ಎಂದರೆ ಯಾವುದೂ ತುರ್ತಲ್ಲ.

ಅಲಾರಂ ನಿರ್ವಹಣೆಯ ತಂತ್ರಾಂಶ ಮಾಡುವ ಮೊದಲ ಕೆಲಸ ಈ ಜಾಡಿಸುವಿಕೆ. ಎಲ್ಲ ಅಲಾರಂಗಳನ್ನು ದಾಖಲಿಸಿ ಯಾವುದು ಎಷ್ಟು ಸಲ ಬಂತೆಂದು ಅದು ಎಣಿಸುತ್ತದೆ. ಎಣಿಸಿದಾಗ ಬೆರಳೆಣಿಕೆಯ ಕೆಲವು ಅಲಾರಂಗಳೇ ಒಟ್ಟು ಗದ್ದಲದ ದೊಡ್ಡ ಪಾಲನ್ನು ಹುಟ್ಟಿಸುತ್ತಿರುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಮಿತಿಯ ಗೆರೆಯ ಮೇಲೆ ಓಲಾಡುವ ಅಳತೆಯು ಕ್ಷಣಕ್ಕೊಮ್ಮೆ ಅಲಾರಂ ಆಗಿ ಮರುಕ್ಷಣ ಮಾಯವಾಗುವುದನ್ನು ‘ವಟಗುಟ್ಟುವ’ ಅಲಾರಂ ಎನ್ನಬಹುದು. ಇದಕ್ಕೆ ಮದ್ದು ಸುಲಭ: ಮಿತಿಯನ್ನು ದಾಟಿ ಕೆಲ ಸೆಕೆಂಡು ನಿಂತರೆ ಮಾತ್ರ ಕೂಗು, ಮಿತಿಯಿಂದ ಸಾಕಷ್ಟು ಹಿಂದೆ ಸರಿದರೆ ಮಾತ್ರ ಮೌನ. ದುರಸ್ತಿಗೆಂದು ನಿಲ್ಲಿಸಿದ ಪಂಪಿನ ಅಲಾರಂ ದಿನಗಟ್ಟಲೆ ತೆರೆಯ ಮೇಲೆ ಉಳಿಯುವುದು ಇನ್ನೊಂದು ಬಗೆ. ಅದನ್ನು ತಾತ್ಕಾಲಿಕವಾಗಿ ಬದಿಗಿರಿಸಲು ಅವಕಾಶವುಂಟು. ಆದರೆ ಯಾರು, ಏಕೆ, ಎಷ್ಟು ಹೊತ್ತಿಗೆ ಬದಿಗಿರಿಸಿದರು ಎಂಬುದು ದಾಖಲೆಯಾಗಬೇಕು, ಅವಧಿ ತೀರಿದೊಡನೆ ಅದು ತಾನಾಗಿ ಮರಳಬೇಕು. ‘ಹುಲಿ ಬಂತು ಹುಲಿ’ ಕಥೆಯನ್ನು ಸುಳ್ಳು ಹೇಳುವ ಹುಡುಗನಿಗೆ ನೀತಿಯಾಗಿ ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಕಾರ್ಖಾನೆಯಲ್ಲಿ ಅದು ಕೇಳುವವನ ಕಥೆ. ಓಡಿ ಬಂದು ಬಂದು ದಣಿದ ಊರವರು ನಾಲ್ಕನೆಯ ಕೂಗಿಗೆ ಏಳಲಿಲ್ಲ; ಅವರನ್ನು ದೂರಿ ಪ್ರಯೋಜನವಿಲ್ಲ.

ಮನುಷ್ಯನ ಇಂದ್ರಿಯಕ್ಕೆ ನಿಲುಕದ ಅಪಾಯಗಳಿರುವಲ್ಲಿ ಇದು ಪ್ರಾಣದ ಪ್ರಶ್ನೆ. ಉಕ್ಕಿನ ಊದುಕುಲುಮೆಯ ಅನಿಲದಲ್ಲಿ ಗಣನೀಯ ಪ್ರಮಾಣದ ಇಂಗಾಲದ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಂಡರೆ ಓಡು ಎಂಬ ತಲೆತಲಾಂತರದ ತಿಳಿವಳಿಕೆ ಅಲ್ಲಿ ಕೆಲಸಕ್ಕೆ ಬಾರದು. ಅನಿಲ ಪತ್ತೆಯಂತ್ರದ ಕೀಚಲು ಸದ್ದೊಂದೇ ಕಾರ್ಮಿಕನಿಗೂ ಸಾವಿಗೂ ನಡುವಿನ ಸೂಚನೆ. ಆ ಸದ್ದು ದಿನಕ್ಕೆ ಹತ್ತು ಸಲ ವಿನಾಕಾರಣ ಕೇಳಿಬಂದರೆ ಹನ್ನೊಂದನೆಯದನ್ನು ನಂಬುವುದು ಕಷ್ಟ.

ಕರೆ ಮತ್ತು ಓಗೊಡುವಿಕೆ

ಎರಡನೆಯ ಕೆಲಸ ಎಬ್ಬಿಸುವುದು. ಕಂಟ್ರೋಲ್ ರೂಮಿನಲ್ಲಿ ಸದಾ ಜನರಿರುವ ಕಡೆ ಹೂಟರ್ ಸಾಕಾಗಬಹುದು. ಆದರೆ ನದಿ ದಂಡೆಯ ನೀರೆತ್ತುವ ಘಟಕ, ಉಪಕೇಂದ್ರ, ಶೀತಲೀಕರಣ ಘಟಕಗಳಲ್ಲಿ ರಾತ್ರಿ ಯಾರೂ ಇರದಿರಬಹುದು; ಮೇಲ್ವಿಚಾರಕ ಎಂಜಿನಿಯರನು ಬಳ್ಳಾರಿಯ ಮನೆಯಲ್ಲಿ ಮಲಗಿರಬಹುದು. ವಿನ್-911 ಮೊದಲಾದ ಹೆಸರುಗಳ ಸೂಚನಾ ತಂತ್ರಾಂಶಗಳು ಹುಟ್ಟಿದ್ದು ಈ ಅಂತರವನ್ನು ತುಂಬಲೆಂದು. ಗಣಕಯಂತ್ರ ಸೇವೆಗಳ ಲೋಕದಲ್ಲಿ ಇದೇ ಕೆಲಸಕ್ಕೆ 2009ರಲ್ಲಿ ಆರಂಭವಾದ ಪೇಜರ್‌ಡ್ಯೂಟಿಯಂತಹ ಸಂಸ್ಥೆಗಳಿವೆ.

ಇವುಗಳ ಕಾರ್ಯವಿಧಾನ ಹೀಗಿದೆ. ನಿಯಂತ್ರಣ ವ್ಯವಸ್ಥೆಯಿಂದ ಅಲಾರಂ ಬಂದೊಡನೆ ತಂತ್ರಾಂಶವು ಅದರ ದರ್ಜೆಯನ್ನೂ ವಿಭಾಗವನ್ನೂ ನೋಡುತ್ತದೆ. ಬಳಿಕ ಪಾಳಿಪಟ್ಟಿಯನ್ನು ನೋಡಿ ಆ ಹೊತ್ತಿಗೆ ಹೊಣೆ ಹೊತ್ತವರ ಮೊಬೈಲಿಗೆ ಸಂದೇಶ ಕಳಿಸುತ್ತದೆ, ಅಥವಾ ಕರೆ ಮಾಡಿ ಅಲಾರಂ ಅನ್ನು ಯಂತ್ರದ ದನಿಯಲ್ಲಿ ಓದಿ ಹೇಳುತ್ತದೆ. ಕೇಳಿದವನು ಗುಪ್ತಸಂಖ್ಯೆ ಒತ್ತಿ ತಾನು ಕೇಳಿದೆನೆಂದು ಖಚಿತಪಡಿಸಬೇಕು. ನಿಗದಿತ ನಿಮಿಷಗಳೊಳಗೆ ಉತ್ತರ ಬಾರದಿದ್ದರೆ ಕರೆ ಎರಡನೆಯವನಿಗೆ, ಅಲ್ಲಿಯೂ ಉತ್ತರವಿಲ್ಲದಿದ್ದರೆ ಮೇಲಧಿಕಾರಿಗೆ ಏರುತ್ತ ಹೋಗುತ್ತದೆ. ಯಾರಿಗೆ ಯಾವಾಗ ಕರೆ ಹೋಯಿತು, ಯಾರು ಯಾವಾಗ ಒಪ್ಪಿಕೊಂಡರು ಎಂಬುದೆಲ್ಲ ದಾಖಲಾಗುತ್ತದೆ.

ಈ ಖಚಿತಪಡಿಸುವಿಕೆಗೆ ಕನ್ನಡದಲ್ಲಿ ‘ಓಗೊಡುವುದು’ ಎಂಬ ಸೊಗಸಾದ ಪದವಿದೆ. ಕರೆದವನಿಗೆ ‘ಓ’ ಎನ್ನುವುದು ಕೇವಲ ಕೇಳಿಸಿತೆಂಬ ಸೂಚನೆಯಲ್ಲ, ಬರುತ್ತೇನೆಂಬ ಮಾತು. ರಾತ್ರಿ ಹೆಸರು ಹಿಡಿದು ಕರೆದರೆ ಮೊದಲ ಕರೆಗೆ ಓಗೊಡಬಾರದು, ಮೂರು ಸಲ ಕರೆದರೆ ಮನುಷ್ಯರೇ ಎಂದು ತಿಳಿಯಬೇಕು ಎಂಬ ನಂಬಿಕೆ ನಾಡಿನ ಹಲವೆಡೆ ಇದೆ. 1990ರ ದಶಕದಲ್ಲಿ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದರ ಹಿಂದೆ ಇಂಥದೇ ಭಯವಿತ್ತು. ರಾತ್ರಿಯ ಕರೆಯನ್ನು ಶಂಕಿಸುವ ಈ ಮನೋಧರ್ಮವನ್ನು ತಂತ್ರಾಂಶದ ರೂವಾರಿಗಳು ಬಲ್ಲವರಲ್ಲ. ಆದರೂ ಒಂದೇ ಕರೆಯನ್ನು ನೆಚ್ಚದೆ ಮತ್ತೆ ಮತ್ತೆ ಕರೆದು, ಕೊನೆಗೆ ನೆರೆಮನೆಯ ಬಾಗಿಲು ತಟ್ಟುವ ಅದರ ಕ್ರಮ ಹಳ್ಳಿಯ ಕ್ರಮಕ್ಕೆ ಹತ್ತಿರವಾಗಿದೆ. ವ್ಯತ್ಯಾಸವಿರುವುದು ಓಗೊಟ್ಟ ನಂತರ. ಅರೆನಿದ್ದೆಯಲ್ಲಿ ಸಂಖ್ಯೆ ಒತ್ತಿ ಮತ್ತೆ ಮಲಗಿದವನನ್ನು ತಂತ್ರಾಂಶವು ‘ಒಪ್ಪಿಕೊಂಡವನು’ ಎಂದೇ ಬರೆದುಕೊಳ್ಳುತ್ತದೆ, ಮುಂದಿನವನನ್ನು ಕರೆಯುವುದನ್ನು ನಿಲ್ಲಿಸುತ್ತದೆ. ಆದ್ದರಿಂದ ಅಲಾರಂ ಒಪ್ಪಿಕೊಂಡ ಮೇಲೂ ಸ್ಥಿತಿ ಸರಿಯಾಗದಿದ್ದರೆ ಮತ್ತೆ ಕರೆಯುವಂತೆ ಏರ್ಪಾಡು ಮಾಡುವುದು ಅವಶ್ಯ. ಒಪ್ಪಿಕೊಂಡ ದಾಖಲೆಯು ತಪ್ಪು ಹೊರಿಸುವ ಸಾಧನವಾಗಿಯೂ ಬಳಕೆಯಾಗಬಲ್ಲದು ಎಂಬುದನ್ನು ಮರೆಯಲಾಗದು. ನೀರಗಂಟಿಗೆ ಕಣದಲ್ಲಿ ಆಯವಿತ್ತು. ಮನೆಯಲ್ಲಿದ್ದೂ ಮೊಬೈಲಿಗೆ ಕಿವಿಗೊಟ್ಟು ಮಲಗುವವನ ರಾತ್ರಿಗೆ ಬೆಲೆ ಏನು ಎಂಬ ಪ್ರಶ್ನೆಯನ್ನು ಪಾಳಿಪಟ್ಟಿ ಕೇಳುವುದಿಲ್ಲ.

ಭಾಷೆಯ ಪ್ರಶ್ನೆಯೂ ಇದೆ. ಅಲಾರಂಗಳ ಹೆಸರುಗಳು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಸಂಕೇತಗಳಾಗಿರುವುದೇ ರೂಢಿ. ಎಂಜಿನಿಯರನಿಗೆ ಅದು ಅರ್ಥವಾಗುತ್ತದೆ. ಗುತ್ತಿಗೆಯ ಮೇಲೆ ಕುಲುಮೆಯ ಬಳಿ ದುಡಿಯುವ ಸಿರುಗುಪ್ಪದ, ರಾಯಲಸೀಮೆಯ, ಬಿಹಾರ ಒಡಿಶಾಗಳ ಕಾರ್ಮಿಕನಿಗೆ ಅದು ಬರೀ ಸದ್ದು. ಡಂಗುರದಲ್ಲಿ ಬಡಿತದ ಹಿಂದೆ ಮಾತು ಬರುತ್ತಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಗುತ್ತಿಗೆಯವನ ಹೆಸರು ಸೂಚನೆಯ ಪಟ್ಟಿಯಲ್ಲಿ ಇಲ್ಲದಿದ್ದರೆ ಅವನಿಗೆ ಉಳಿಯುವುದು ಓಡುತ್ತಿರುವವರನ್ನು ಕಂಡು ತಾನೂ ಓಡುವ ದಾರಿ ಒಂದೇ.

ಬೇಲಿಯ ಹೊರಗೆ

ಕಾರ್ಖಾನೆಯ ಅಲಾರಂ ಬೇಲಿಯೊಳಗೆ ನಿಂತರೆ ಏನಾಗುತ್ತದೆಂಬುದಕ್ಕೆ ಭಾರತದಲ್ಲೇ ನಿದರ್ಶನವಿದೆ. 1984ರ ಡಿಸೆಂಬರ್ 2–3ರ ನಡುರಾತ್ರಿ ಭೋಪಾಲದಲ್ಲಿ ಊರಿಗೆ ಕೇಳುವ ಸೈರನ್ ಕೂಗಿ, ಜನರು ಗಾಬರಿಯಾಗಬಾರದೆಂಬ ನಿಯಮದಂತೆ ಬೇಗನೆ ನಿಲ್ಲಿಸಲ್ಪಟ್ಟಿತು. ಒಳಗಿನ ಸೈರನ್ ಮಾತ್ರ ಮುಂದುವರಿಯಿತು. ಈ ದುರಂತದ ತರುವಾಯ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಗಿ, ಅಪಾಯಕಾರಿ ಪ್ರಕ್ರಿಯೆಗಳ ವಿವರವನ್ನು ನೆರೆಹೊರೆಯ ಜನರಿಗೂ ತಿಳಿಸಬೇಕೆಂಬ ಬಾಧ್ಯತೆ ಬಂತು. 1996ರಲ್ಲಿ ರಾಸಾಯನಿಕ ಅಪಘಾತಗಳ ನಿಯಮಗಳು ಜಾರಿಯಾದವು. 2025ರ ನವೆಂಬರ್ 21ರಿಂದ ಕಾರ್ಖಾನೆ ಕಾಯ್ದೆಯ ಸ್ಥಾನಕ್ಕೆ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ.

ಬಳ್ಳಾರಿ ಸೀಮೆಯಲ್ಲಿ ಎಚ್ಚರಿಕೆಯು ಬೇಲಿಯನ್ನು ದಾಟಲೇಬೇಕಾದ ಸ್ಥಳ ತುಂಗಭದ್ರಾ ಅಣೆಕಟ್ಟು. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಒಂದು ಗೇಟಿನಿಂದಲೇ ಸುಮಾರು 35,000 ಕ್ಯೂಸೆಕ್ ನೀರು ಹರಿಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಕೆಳಗಿನ ಕಂಪ್ಲಿ, ಸಿರುಗುಪ್ಪ ತಾಲೂಕುಗಳ ನದಿಪಾತ್ರದ ಊರುಗಳಿಗೆ ಎಚ್ಚರಿಕೆ ಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟನ್ನು ಇಳಿಸಿ ಒಂದು ವಾರದಲ್ಲಿ ಹರಿವನ್ನು ತಡೆದದ್ದು ತಂತ್ರಜ್ಞರ ಸಾಹಸವೇ ಸರಿ. ಭತ್ತದ ಎರಡನೆಯ ಬೆಳೆಯ ಚಿಂತೆ ರೈತರಿಗೆ ಉಳಿಯಿತು. ಇಲ್ಲಿ ಗಮನಿಸಬೇಕಾದ್ದು ಸುದ್ದಿ ಸಾಗಬೇಕಾದ ದಾರಿಯನ್ನು. ಅಣೆಕಟ್ಟಿನ ಸಿಬ್ಬಂದಿಯಿಂದ ಎಂಜಿನಿಯರಿಗೆ, ಅಲ್ಲಿಂದ ಜಿಲ್ಲಾಡಳಿತಕ್ಕೆ, ತಹಸೀಲ್ದಾರರಿಗೆ, ಗ್ರಾಮ ಪಂಚಾಯಿತಿಗೆ, ಕೊನೆಗೆ ಧ್ವನಿವರ್ಧಕ ಕಟ್ಟಿದ ಆಟೋ ಅಥವಾ ಡಂಗುರದವನಿಗೆ. ಕಾರ್ಖಾನೆಯ ತಂತ್ರಾಂಶದಲ್ಲಿ ನಿಮಿಷ ನಿಮಿಷಕ್ಕೆ ಓಗೊಡುವಿಕೆಯ ಲೆಕ್ಕವುಂಟು; ಈ ದಾರಿಯಲ್ಲಿ ಯಾರು ಓಗೊಟ್ಟರು, ಯಾರು ಮಲಗಿದ್ದರು ಎಂಬುದನ್ನು ಎಣಿಸುವ ಕ್ರಮ ಕೊನೆಯ ಮನೆಯವರೆಗೆ ಮುಟ್ಟುವುದಿಲ್ಲ. 2009ರ ಸೆಪ್ಟೆಂಬರ್ ಕೊನೆ–ಅಕ್ಟೋಬರ್ ಮೊದಲ ವಾರದ ನೆರೆಯನ್ನು ಕಂಡ ಸಿರುಗುಪ್ಪ ತಾಲೂಕಿಗೆ ಇದು ಪುಸ್ತಕದ ಪ್ರಶ್ನೆಯಲ್ಲ.

ಮೊಬೈಲು ಈ ಸರಪಳಿಯ ನಡುವಿನ ಕೊಂಡಿಗಳನ್ನು ತಪ್ಪಿಸುವ ಭರವಸೆ ಕೊಟ್ಟಿದೆ. ಒಂದು ಗೋಪುರದ ವ್ಯಾಪ್ತಿಯ ಎಲ್ಲ ಮೊಬೈಲುಗಳಿಗೂ ಏಕಕಾಲಕ್ಕೆ ತುರ್ತು ಸಂದೇಶ ಕಳಿಸುವ ಸೆಲ್ ಬ್ರಾಡ್‌ಕಾಸ್ಟ್ ವ್ಯವಸ್ಥೆಯನ್ನು 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಪರೀಕ್ಷಿಸಲಾಯಿತು. ಇದಕ್ಕೆ ಯಾರ ದೂರವಾಣಿ ಸಂಖ್ಯೆಯೂ ಬೇಡ, ಪಟ್ಟಿಯೂ ಬೇಡ. ಆ ಜಾಗದಲ್ಲಿ ಇದ್ದರೆ ಸಾಕು. ಡಂಗುರದ ಗುಣವೂ ಇದೇ ಆಗಿತ್ತು. ಹೆಸರು ಹಿಡಿದು ಕರೆಯದೆ ಕೇಳುವಷ್ಟು ದೂರವನ್ನೇ ಅದು ಊರೆಂದು ಎಣಿಸಿತು. ಪರೀಕ್ಷೆಯ ದಿನ ಒಮ್ಮೆಲೇ ಕೂಗಿದ ಮೊಬೈಲನ್ನು ಕಂಡು ಅನೇಕರು ಬೆಚ್ಚಿದರು, ಕೆಲವರು ಮೋಸದ ಸಂದೇಶವೆಂದು ಶಂಕಿಸಿದರು. ಹೊಸ ಬಡಿತವೊಂದರ ಅರ್ಥ ಊರಿನ ಕಿವಿಗೆ ಕೂಡಿಬರಲು ಕಾಲ ಬೇಕು. ಕುಡಿತಿನಿ, ತೋರಣಗಲ್ಲಿನ ಸುತ್ತಲ ಹಳ್ಳಿಗಳಲ್ಲಿ ಯಾವ ಸೈರನ್ ಪಾಳಿಯದು, ಯಾವುದು ಅಪಾಯದ್ದು, ಅಪಾಯದ್ದಾದರೆ ಗಾಳಿಯ ಯಾವ ಕಡೆಗೆ ನಡೆಯಬೇಕು ಎಂಬುದನ್ನು ಶಾಲೆಯ ಮಕ್ಕಳೂ ಮುದುಕರೂ ಹೇಳಬಲ್ಲರೇ ಎಂಬುದು ಜಾನಪದ ಸಂಶೋಧಕರು ಕ್ಷೇತ್ರಕಾರ್ಯದಲ್ಲಿ ಕೇಳಿ ದಾಖಲಿಸಬಹುದಾದ ಪ್ರಶ್ನೆ. ಹಲಗೆಯ ಬಡಿತಗಳ ಭೇದವನ್ನು ದಾಖಲಿಸಿದ ಧ್ವನಿಸುರುಳಿಗಳ ಪಕ್ಕದಲ್ಲೇ ಸೈರನ್‌ಗಳ ಕೂಗನ್ನೂ ಅವುಗಳಿಗೆ ಜನ ಕೊಡುವ ಅರ್ಥಗಳನ್ನೂ ಇರಿಸಬೇಕಾಗಿದೆ.